ಹಲ್ಲು ಕಿತ್ತಿದ್ದಾಯ್ತು, ಹೊಟ್ಟೆಗೇನು?

ದಾವಣಗೆರೆಗೆ ಬೆಳಗ್ಗೆ ಬರುವ ಬಸ್ಸುಗಳಲ್ಲಿ ಕೆನ್ನೆಗೆ ಟವೆಲ್ ಒತ್ತಿಕೊಂಡು ಕೂತವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಅತ್ತ ರಾಣೆಬೆನ್ನೂರು, ಎಲ್ಲಾ ಕಡೆಯ ಹಲ್ಲುನೋವಿನವರು ಬರೋದು ಇಲ್ಲಿಗೇ. ಈ ಊರಿನಲ್ಲಿ 1979ರಲ್ಲೇ ಹಲ್ಲಿನ ಡಾಕ್ಟರ ಕಾಲೇಜು ಶುರುವಾಯಿತು, ಆಮೇಲೆ ಇನ್ನೊಂದೂ ಬಂತು. ಅದರ ಮೇಲೆ ಬೀದಿಗೊಂದು ಕ್ಲಿನಿಕ್ಕು. ಹಲ್ಲು ಕೀಳಿಸಲಿಕ್ಕೆ, ಬೇರಿಗೆ ಔಷಧಿ ತುಂಬಿಸಲಿಕ್ಕೆ, ಸೆಟ್ಟು ಕಟ್ಟಿಸಲಿಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಷ್ಟರಮಟ್ಟಿಗೆ ಈ ಸೀಮೆಯ ಜನ ಪುಣ್ಯವಂತರೇ.

ಆದರೆ ಮಧ್ಯಾಹ್ನ ಒಂದು ಗಂಟೆಗೆ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದವರ ಪಾಡು ನೋಡಿ. "ಮೆತ್ತಗಿನದು ತಿನ್ನಿ, ಬಿಸಿ ಬೇಡ, ಖಾರ ಬೇಡ" ಎಂದು ಡಾಕ್ಟರು ಹೇಳಿ ಕಳಿಸಿರುತ್ತಾರೆ. "ಮೆತ್ತಗಿನದು ಅಂದ್ರೆ ಏನ್ ತಿನ್ಬೇಕ್ರಿ?" ಎಂದು ಕೇಳೋಣವೆಂದರೆ ಬಾಯಿ ಮರಗಟ್ಟಿ ಮಾತು ಹೊರಡೋದಿಲ್ಲ. ಅಷ್ಟರಲ್ಲಿ ಮುಂದಿನ ಪೇಷಂಟು ಕುರ್ಚಿ ಹತ್ತಿ ಕೂತಾಗಿರುತ್ತದೆ. ಹೊರಗೆ ರಸ್ತೆಯಲ್ಲಿ ಏನಿದೆ? ಮಂಡಕ್ಕಿ, ಮಿರ್ಚಿ. ಗರಿಗರಿ ಬೆಣ್ಣೆದೋಸೆ, ಅದರ ಜೊತೆ ಕಣ್ಣಲ್ಲಿ ನೀರು ಬರಿಸುವ ಚಟ್ನಿ. ಕುದಿಯುವ ಸಾಂಬಾರು. ಊರಿಗೆ ಹೆಸರು ತಂದ ತಿಂಡಿ ಯಾವುದೂ ಹಲ್ಲು ಕೀಳಿಸಿದವನಿಗೆ ಆಗಿಬರುವಂಥದ್ದಲ್ಲ. ಕೊನೆಗೆ ಒಂದು ಟೀ, ಒಂದು ಬನ್ನು. ಬನ್ನನ್ನು ಟೀಗೆ ಅದ್ದಿ ತಿಂದು, ಒಂದೂವರೆ ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಊರು ಸೇರೋದು. ಅಲ್ಲಿಗೆ ಹೋದ ಮೇಲೆ ಗಂಜಿ. ಮೂರು ದಿನ ಗಂಜಿ, ಐದು ದಿನ ಗಂಜಿ, ವಯಸ್ಸಾದವರಾದರೆ ಹದಿನೈದು ದಿನ ಗಂಜಿ.

ಗಂಜಿ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಜ್ವರ ಬಂದವನಿಗೆ, ಹೊಟ್ಟೆ ಕೆಟ್ಟವನಿಗೆ ಅದು ಅಮೃತವೇ. ಆದರೆ ಬಾಯೊಳಗೆ ಗಾಯ ಆದವನಿಗೆ ಅದೊಂದೇ ಸಾಲದು. ಗಾಯ ಮಾಯಬೇಕಾದರೆ ಹೊಸ ಮಾಂಸ ಕೂಡಬೇಕು, ಅದಕ್ಕೆ ಸಸಾರಜನಕ, ಅಂದರೆ ಪ್ರೋಟೀನು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನು ಬೇಕು. ಇದು ಆರೋಗ್ಯವಾಗಿರುವವರ ಲೆಕ್ಕ. ಒಂದು ಹಿಡಿ ಅಕ್ಕಿಯಿಂದ ಮಾಡಿದ ಒಂದು ಲೋಟ ಗಂಜಿಯಲ್ಲಿ ಸಿಗುವುದು ಎರಡು ಗ್ರಾಂ, ಹೆಚ್ಚೆಂದರೆ ಎರಡೂವರೆ. ದಿನಕ್ಕೆ ನಾಲ್ಕು ಲೋಟ ಕುಡಿದರೂ ಹತ್ತು ಗ್ರಾಂ ದಾಟುವುದಿಲ್ಲ. ಹೊಟ್ಟೆ ತುಂಬಿದ ಹಾಗಿರುತ್ತದೆ, ಮೈ ಮಾತ್ರ ಉಪವಾಸ. "ಹಲ್ಲು ಕೀಳಿಸಿದ ಮೇಲೆ ಅವ್ವ ಬಾಳ ಇಳಿದ್ಲು" ಎನ್ನುತ್ತಾರಲ್ಲ, ಅದು ಹಲ್ಲು ಕೀಳಿಸಿದ್ದರಿಂದ ಆದದ್ದಲ್ಲ.

ಡಾಕ್ಟರ ಬಾಯಿಂದ ಬರುವ "ಮೆತ್ತಗಿನದು" ಎಂಬುದು ಅರ್ಧ ಮಾತು. "ಮೆತ್ತಗಿರಬೇಕು, ಕಸುವೂ ಇರಬೇಕು" ಎಂದರೆ ಪೂರಾ ಮಾತಾಗುತ್ತದೆ. ಆ ಇನ್ನರ್ಧವನ್ನು ಯಾರೂ ಹೇಳುತ್ತಿಲ್ಲ, ಯಾರೂ ಬಡಿಸುತ್ತಿಲ್ಲ.

ಅದರ ಮೇಲೆ ನಂಜಿನ ಕಾಟ ಬೇರೆ. ಗಾಯ ಆದವರಿಗೆ ನಂಜಿನ ಪದಾರ್ಥ ಕೊಡಬಾರದು ಎಂಬ ನಂಬಿಕೆ ಈ ಕಡೆ ಗಟ್ಟಿಯಾಗಿದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು. ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ, ಬದನೆಕಾಯಿ ಒಂದು ವಾರ ಬಿಟ್ಟರೆ ಗಂಟೇನೂ ಹೋಗುವುದಿಲ್ಲ. ಆದರೆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ತೊಗರಿಬೇಳೆ ನಂಜು. ಮೊಸರು ತಿಂದರೆ ಕೀವು. ಮೊಟ್ಟೆ ತಿಂದರೆ ಬಾವು. ಹಾಲು ಕುಡಿದರೆ ಕಫ, ಕಫ ಆದರೆ ಕೆಮ್ಮು, ಕೆಮ್ಮಿದರೆ ರಕ್ತ. ಎಲ್ಲವನ್ನೂ ಕಳೆದ ಮೇಲೆ ಉಳಿಯುವುದೇನು? ಅನ್ನ, ಉಪ್ಪು, ತಿಳಿಸಾರು. ಗಾಯ ಮಾಯಿಸುವ ಪದಾರ್ಥ ಎಷ್ಟಿವೆಯೋ ಅಷ್ಟನ್ನೂ ಹುಡುಕಿ ಹುಡುಕಿ ಮನೆಯಿಂದ ಆಚೆ ಕಳಿಸಿದ ಹಾಗಾಯಿತು.

ಕೀವು ಆಗುವುದು ಕ್ರಿಮಿಯಿಂದ. ಮೊಸರಿನಿಂದಲ್ಲ, ಬೇಳೆಯಿಂದಲ್ಲ. ಹಳಬರ ಮಾತನ್ನೆಲ್ಲ ಅಲ್ಲಗಳೆಯಬೇಕಾಗಿಲ್ಲ; ಎಣ್ಣೆ, ಖಾರ, ಹುಳಿ ಬಿಡಿ ಎಂದದ್ದು ಸರಿಯಾದ ಬುದ್ಧಿ. ಖಾರ ಬಿದ್ದರೆ ಗಾಯ ಉರಿಯುತ್ತದೆ. ಯಾವುದಾದರೂ ಮಾತ್ರೆಗೆ ಹಾಲು ಆಗೋದಿಲ್ಲವೆಂದು ಡಾಕ್ಟರೇ ಹೇಳಿದ್ದರೆ ಅದು ಬೇರೆ ಮಾತು. ಹಾಗೇನೂ ಹೇಳದೆ ಇದ್ದರೆ ಮೊಸರು, ಹಾಲು, ಬೆಂದ ಬೇಳೆ, ಹಿಸುಕಿದ ಮೊಟ್ಟೆ ಬಿಡಬಾರದು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಒಂದು ದೊಡ್ಡ ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೆಸರುಬೇಳೆಯಲ್ಲಿ ನೂರು ಗ್ರಾಮಿಗೆ 24 ಗ್ರಾಂ. ಮೊಟ್ಟೆ ಮುಟ್ಟದ ಮನೆಯವರು ಪುಟಾಣಿಯನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿದು ಹಾಲಿನಲ್ಲಿ ಕಲಸಿ ಕುಡಿಯಬಹುದು, ಅದೂ ಕಮ್ಮಿಯದಲ್ಲ. ಬೆಳಗ್ಗೆ ಹೆಸರುಬೇಳೆ ಪೊಂಗಲ್ಲು, ಮಧ್ಯಾಹ್ನ ಮೊಸರನ್ನ, ರಾತ್ರಿ ಬೇಳೆಕಟ್ಟು ಕಲಸಿದ ಮೆತ್ತನೆ ಅನ್ನ, ನಡುವೆ ಎರಡು ಮೊಟ್ಟೆ, ಎರಡು ಲೋಟ ಹಾಲು ಎಂದಾದರೆ ಐವತ್ತು ಗ್ರಾಮಿನ ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಇದಕ್ಕೆ ಅಂಗಡಿಯ ಡಬ್ಬದ ಪುಡಿ ಬೇಕಾಗಿಲ್ಲ.

ಮೊದಲ ದಿನದ ಪಥ್ಯ ಬೇರೆ, ಆಮೇಲಿನದು ಬೇರೆ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂರಬೇಕು. ಆ ಮುಚ್ಚಳ ಕಿತ್ತುಬಂದರೆ ಕೆಳಗಿನ ಮೂಳೆ ಬಯಲಾಗುತ್ತದೆ. ಮೂರನೇ ದಿನದ ಹೊತ್ತಿಗೆ ಕಿವಿಯವರೆಗೆ ಸೆಳೆಯುವ ನೋವು, ಬಾಯಲ್ಲಿ ಕೆಟ್ಟ ವಾಸನೆ. ಕುಳಿ ಒಣಗೋದು ಎನ್ನುವುದು ಇದನ್ನೇ. ಆದ್ದರಿಂದ ಕಚ್ಚಿಸಿದ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಬಿಡಬಾರದು. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಕ್ಯಾಕರಿಸಿ ಉಗುಳಬಾರದು, ಸ್ಟ್ರಾ ಹಾಕಿ ಎಳೆಯಬಾರದು. ಎಳನೀರು ಒಳ್ಳೇದೇ, ಆದರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಬೇಕು. ಬೀಡಿಯ ದಮ್ಮು ಎಳೆದರೂ ಸ್ಟ್ರಾ ಎಳೆದ ಹಾಗೆಯೇ, ಅದರ ಮೇಲೆ ಹೊಗೆಯ ವಿಷ ಬೇರೆ. ಎಲೆಅಡಿಕೆಯ ಮಾತು ಎತ್ತಿದರೆ ಚನ್ನಗಿರಿ ಕಡೆಯವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಲೇಬೇಕು. ಅಡಿಕೆ ಚೂರು ಕುಳಿಗೆ ಬಿತ್ತೆಂದರೆ ಮತ್ತೆ ಅದೇ ಬಸ್ಸು, ಅದೇ ಆಸ್ಪತ್ರೆ. ಸಂಜೆ ನೋವು ಮರೆಯಲಿಕ್ಕೆ ಒಂದು ಕ್ವಾರ್ಟರ್ ಎನ್ನುವ ಶೂರರೂ ಇದ್ದಾರೆ. ಕೀವಿನ ಮಾತ್ರೆಯ ಮೇಲೆ ಅದನ್ನು ಹಾಕಿ ರಾತ್ರಿಯೆಲ್ಲ ವಾಂತಿ ಮಾಡಿಕೊಂಡವರನ್ನು ಕೇಳಿ ನೋಡಿ.

ಮೊದಲ ದಿನ ತಣ್ಣಗಿನದು, ನುಂಗುವಂಥದ್ದು: ಮೊಸರನ್ನ, ಆರಿದ ರಾಗಿ ಅಂಬಲಿಗೆ ಮಜ್ಜಿಗೆ, ಹಿಸುಕಿದ ಬಾಳೆಹಣ್ಣು, ಆರಿದ ಹಾಲು. ಮಂಡಕ್ಕಿ, ಎಳ್ಳು, ಚುರುಮುರಿಯಂಥ ಪುಡಿಪದಾರ್ಥ ಕುಳಿ ತುಂಬುವವರೆಗೆ ಬೇಡವೇ ಬೇಡ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಮೆಲ್ಲಗೆ ಆಡಿಸಿ ಬಿಡುವುದು, ಊಟವೂ ಉಗುರುಬೆಚ್ಚಗೆ. ಬೇರಿಗೆ ಔಷಧಿ ತುಂಬಿಸಿದವರಿಗೆ ಇಷ್ಟು ಕಟ್ಟುನಿಟ್ಟಿಲ್ಲ, ಆ ಹಲ್ಲಿಗೆ ಟೋಪಿ ಹಾಕುವವರೆಗೆ ಆ ಕಡೆಯಿಂದ ಗಟ್ಟಿ ಕಡಿಯದಿದ್ದರೆ ಸಾಕು. ನೋವಿನ ಗುಳಿಗೆ ಬರಿಹೊಟ್ಟೆಗೆ ನುಂಗಿ ಎದೆ ಉರಿ ಎಂದು ಒದ್ದಾಡುವವರೇ ಹೆಚ್ಚು. ಗುಳಿಗೆಗಿಂತ ಮೊದಲು ನಾಲ್ಕು ತುತ್ತು ಒಳಗೆ ಹೋಗಿರಬೇಕು.

ಈ ಸೀಮೆಯವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಗಮನಿಸಿದ ಹಾಗಿಲ್ಲ. ದಾವಣಗೆರೆ ಮುದ್ದೆಗೂ ರೊಟ್ಟಿಗೂ ಗಡಿಯ ಊರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುವುದು. ಹಲ್ಲಿಲ್ಲದವರಿಗೆಂದೇ ಮಾಡಿದಂಥ ಊಟ ಅದು. ಎರಡನೇ ದಿನದಿಂದ ಮುದ್ದೆಯನ್ನು ಸ್ವಲ್ಪ ಸಡಿಲವಾಗಿ ತಿರುವಿ, ಆರಲು ಬಿಟ್ಟು, ಖಾರವಿಲ್ಲದ ಬೇಳೆಕಟ್ಟಿನಲ್ಲಿ ಅದ್ದಿ ಚಿಕ್ಕ ಚಿಕ್ಕ ತುತ್ತು ನುಂಗಿದರೆ ಹೊಟ್ಟೆಯೂ ತುಂಬುತ್ತದೆ, ಸುಣ್ಣದ ಅಂಶವೂ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ರೊಟ್ಟಿಯ ಕಡೆಯವರು ಬಿಸಿ ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಹಾಕಿ ಹಿಸುಕಬಹುದು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಸಿದರೆ ಇನ್ನೂ ಮೇಲು. ಕಟಕ್ ರೊಟ್ಟಿಯನ್ನು ಮಾತ್ರ ಗೂಡಿನಲ್ಲೇ ಇಡಿ.

ಚಿಕ್ಕ ಮಕ್ಕಳ ಸಂಗತಿ ಸುಲಭ. ಹಾಲುಹಲ್ಲು ಕಿತ್ತ ಗಾಯ ಬೇಗ ಮಾಯುತ್ತದೆ, ಎರಡು ದಿನ ಹಾಲಿಗೆ ಇಡ್ಲಿ ಕಿವುಚಿ ಕೊಟ್ಟರೆ ಮೂರನೇ ದಿನ ಆಟಕ್ಕೆ ಓಡುತ್ತವೆ. ಅಪಾಯ ಇರುವುದು ಇಂಜೆಕ್ಷನ್ ಕೊಟ್ಟ ಮೊದಲ ಎರಡು ಮೂರು ಗಂಟೆಯಲ್ಲಿ. ತುಟಿ ಮರಗಟ್ಟಿದ್ದು ಮಗುವಿಗೆ ತಮಾಷೆಯಾಗಿ ಕಾಣುತ್ತದೆ, ಕಚ್ಚಿ ಕಚ್ಚಿ ನೋಡುತ್ತದೆ, ಸಂಜೆಗೆ ತುಟಿ ಬಾತು ಬೋಂಡಾ ಆಗುತ್ತದೆ. ಮರಗಟ್ಟಿದ್ದು ಬಿಡುವ ತನಕ ಅಗಿಯುವಂಥದ್ದು ಏನೂ ಕೊಡಬಾರದು, ಬಸ್ಸಿನಲ್ಲಿ ಅಳುತ್ತದೆಯೆಂದು ಚಕ್ಕುಲಿ ಕೊಡಿಸಬಾರದು. ಹಲ್ಲಿಗೆ ತಂತಿ ಬಿಗಿಸಿಕೊಂಡ ಕಾಲೇಜು ಹುಡುಗ ಹುಡುಗಿಯರಿಗೆ ಬಿಗಿ ಮಾಡಿಸಿದಾಗಲೆಲ್ಲ ಎರಡು ಮೂರು ದಿನ ನೋವಿರುತ್ತದೆ. ಅವರು ಹಾಸ್ಟೆಲ್ಲಿನಲ್ಲಿ ಐಸ್‌ಕ್ರೀಮು, ಬ್ರೆಡ್ಡಿನ ಮೇಲೆ ಬದುಕುತ್ತಾರೆ. ಅದರ ಬದಲು ಪೊಂಗಲ್ಲು, ಮೊಟ್ಟೆ ಬುರ್ಜಿ, ಮಜ್ಜಿಗೆಯನ್ನ ಎಂದು ವಾರ್ಡನ್ನರ ಕಿವಿಗೆ ಹಾಕುವವರು ಬೇಕು.

ಮಂಡಿಪೇಟೆ, ಚೌಕಿಪೇಟೆಯ ಅಂಗಡಿಕಾರರ ತಾಪತ್ರಯ ಬೇರೆ. ಬೆಳಗ್ಗೆ ಹತ್ತಕ್ಕೆ ಶಟರು ಎತ್ತಿದರೆ ರಾತ್ರಿ ಒಂಬತ್ತಕ್ಕೆ ಇಳಿಸೋದು. ಹಲ್ಲು ಕೀಳಿಸಿಕೊಂಡು ನೇರ ಗಲ್ಲಕ್ಕೇ ಬಂದು ಕೂರುವವರಿದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟೋ ಜನ. ಅಂಥವರು ಎರಡು ತಪ್ಪು ಮಾಡುತ್ತಾರೆ. ಒಂದು, ಬಾಯಿ ನೋವೆಂದು ಊಟ ಬಿಟ್ಟು, ಸಕ್ಕರೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಮಾತ್ರ ಎಂದಿನಂತೆ ತೆಗೆದುಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂದು ಗಿರಾಕಿಯ ಎದುರೇ ಕುಸಿಯುವುದು ಇದರಿಂದಲೇ. ಎರಡನೆಯದು, ಊಟ ಆಗೋದಿಲ್ಲವೆಂದು ಸಕ್ಕರೆ ಹಾಕಿದ ಅಕ್ಕಿ ಗಂಜಿ, ಹಣ್ಣಿನ ಜ್ಯೂಸು, ಗಂಟೆಗೊಂದು ಟೀ. ಸಕ್ಕರೆ ಏರುತ್ತದೆ, ಏರಿದಷ್ಟೂ ಗಾಯ ಮಾಯುವುದು ತಡ. ಇಂಥವರು ಹಲ್ಲು ಕೀಳಿಸುವ ಮುಂಚೆಯೇ ಮಾತ್ರೆಯ ಲೆಕ್ಕ ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕು. ಮನೆಯಿಂದ ಡಬ್ಬಿ ತರಿಸಬೇಕು. ಡಬ್ಬಿಯಲ್ಲಿ ಬೇಳೆ ಹೆಚ್ಚು ಅಕ್ಕಿ ಕಮ್ಮಿ ಹಾಕಿದ ಪೊಂಗಲ್ಲು, ಮೊಸರು, ಬೆಂದ ಸೋರೆಕಾಯಿಯೋ ಹೀರೆಕಾಯಿಯೋ ಇರಲಿ. ಎರಡೆರಡು ಗಂಟೆಗೆ ನಾಲ್ಕು ಚಮಚ ತಿಂದರೂ ಸರಿ, ಗಿರಾಕಿ ಕಾಯುತ್ತಾನೆ.

ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡ ಹುಡುಗರ ಕಥೆ ಎಲ್ಲಕ್ಕಿಂತ ಕಠಿಣ. ಈಗ ಪ್ಲೇಟು ಹಾಕಿ ಕೂಡಿಸುವುದು ಹೆಚ್ಚು. ಆದರೂ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಂತಿ ಬಿಗಿದು ಬಾಯಿ ಕಟ್ಟುವುದು ಪೂರ್ತಿ ನಿಂತಿಲ್ಲ. ಕಟ್ಟಿದರೆ ನಾಲ್ಕರಿಂದ ಆರು ವಾರ. ಇಪ್ಪತ್ತರ ಪ್ರಾಯದ ದುಡಿಯುವ ಮೈ, ಬಾಯಿ ತೆರೆಯುವ ಹಾಗಿಲ್ಲ. ಬರೀ ಗಂಜಿನೀರು, ಬರೀ ಜ್ಯೂಸು ಎಂದು ಕೂತರೆ ತಂತಿ ಬಿಚ್ಚುವ ಹೊತ್ತಿಗೆ ಗುರುತು ಸಿಗದ ಹಾಗೆ ಸೊರಗಿರುತ್ತಾನೆ. ಕಾಲುಸೂಪು ಕುಡಿಸಿದರೆ ಮೂಳೆ ಕೂಡುತ್ತದೆಂದು ಮನೆಯವರು ದಿನಾ ಮಟನ್ ಅಂಗಡಿಗೆ ಎಡತಾಕುತ್ತಾರೆ. ಸೂಪು ಕುಡಿಯಲಿ, ತೊಂದರೆಯಿಲ್ಲ. ಆದರೆ ತಿಳಿಸೂಪಿನಲ್ಲಿ ಇರುವುದಕ್ಕಿಂತ ಹೆಚ್ಚು ಕಸುವು ಬೇಳೆಕಟ್ಟಿಗೆ ತುಪ್ಪ ಬೆರೆಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಸೋಸಿದ್ದರಲ್ಲಿ ಇರುತ್ತದೆ. ಹಾಲಿಗೆ ಪುಟಾಣಿ ಹಿಟ್ಟು, ಬೆಂದ ಕೋಳಿಮಾಂಸವನ್ನು ಸಾರಿನಲ್ಲೇ ಅರೆದು ಸೋಸಿದ್ದು, ರಾಗಿಮಾಲ್ಟು, ಹೀಗೆ ದಿನಕ್ಕೆ ಆರು ಸಲ ಕೊಡಬೇಕು. ತೂಕ ವಾರಕ್ಕೊಮ್ಮೆ ನೋಡಬೇಕು, ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿ ಆದರೂ ಆದೀತು.

ಇನ್ನು ಅಜ್ಜ ಅಜ್ಜಿಯರು. ಬಡ ಹಿರಿಯರಿಗೆ ಬಿಟ್ಟಿಯಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡಲು ರಾಜ್ಯ ಸರಕಾರ 2014-15ರಲ್ಲಿ ದಂತ ಭಾಗ್ಯ ಯೋಜನೆ ತಂದಿತು. ಒಳ್ಳೆಯ ಕೆಲಸ. ಆದರೆ ಸೆಟ್ಟು ಕೈಗೆ ಬಂದ ಮೊದಲ ವಾರದಲ್ಲಿ ಹೇಗೆ ತಿನ್ನಬೇಕೆಂಬುದು ಗೊತ್ತಿಲ್ಲದೆ ಎಷ್ಟೋ ಸೆಟ್ಟುಗಳು ಗೂಡಿನ ಲೋಟದೊಳಗೆ ನೀರು ಕುಡಿಯುತ್ತಾ ಕೂತಿವೆ. ಹೊಸ ಸೆಟ್ಟು ಹಾಕಿಕೊಂಡ ದಿನವೇ ರೊಟ್ಟಿ ಕಡಿಯಲು ಹೋಗುವುದು, ವಸಡು ಹುಣ್ಣಾಗುವುದು, "ಈ ಹಲ್ಲು ನನಗೆ ಒಗ್ಗಲಿಲ್ಲ" ಎಂದು ತೆಗೆದಿಡುವುದು. ಹುಣ್ಣಾದರೆ ಕಟ್ಟಿಕೊಟ್ಟ ಡಾಕ್ಟರ ಹತ್ತಿರ ಹೋಗಿ ಉಜ್ಜಿಸಿಕೊಂಡು ಬರಬೇಕು. ಮೊದಲ ನಾಲ್ಕು ದಿನ ಉಪ್ಪಿಟ್ಟು, ಮೆತ್ತನೆ ಅನ್ನ, ಶಾವಿಗೆ. ಆಮೇಲೆ ಸಣ್ಣ ಸಣ್ಣ ತುಂಡು, ಎರಡೂ ಕಡೆಯ ದವಡೆಯಿಂದ ಸಮನಾಗಿ ಅಗಿಯುವುದು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯದಿರುವುದು. ಹದಿನೈದು ದಿನದಲ್ಲಿ ರೂಢಿಯಾಗುತ್ತದೆ.

ಆದರೆ ಅಜ್ಜಿಯ ನಿಜವಾದ ಕಷ್ಟ ಇದಲ್ಲ. "ನನಗಂತ ಬ್ಯಾರೆ ಏನೂ ಮಾಡಬ್ಯಾಡವ್ವ" ಎಂದು ಸೊಸೆಗೆ ಹೇಳುತ್ತಾಳಲ್ಲ, ಅದು. ಹೊತ್ತಾರೆ ಎದ್ದು ಮಕ್ಕಳನ್ನು ಶಾಲೆಗೆ ಕಳಿಸಿ ಕೆಲಸಕ್ಕೆ ಬಸ್ಸು ಹಿಡಿಯುವ ಸೊಸೆಗೆ ಎರಡು ಅಡುಗೆ ಮಾಡುವುದು ಕಷ್ಟವೆಂದು ಮುದುಕಿಗೆ ಗೊತ್ತು. ಅದಕ್ಕೇ ನೀರನ್ನದಲ್ಲಿ ದಿನ ದೂಡುತ್ತಾಳೆ. ಸೊಸೆಯನ್ನು ಬೈದು ಪ್ರಯೋಜನವಿಲ್ಲ. ಎರಡು ಅಡುಗೆ ಬೇಕಾಗಿಯೂ ಇಲ್ಲ. ಸಾರಿಗೆ ಬೇಯಿಸಿದ ಬೇಳೆಯಲ್ಲಿ ಖಾರ, ಹುಣಸೆಹುಳಿ, ಒಗ್ಗರಣೆ ಬೀಳುವ ಮೊದಲು ಎರಡು ಸೌಟು ತೆಗೆದಿಟ್ಟರಾಯಿತು. ಪಲ್ಯದ ತರಕಾರಿಯಲ್ಲೂ ಹಾಗೆಯೇ. ಅನ್ನದ ಕುಕ್ಕರಿನಲ್ಲಿ ಒಂದು ಚಿಕ್ಕ ಪಾತ್ರೆ ಇಟ್ಟು ನೀರು ಜಾಸ್ತಿ ಹಾಕಿದರೆ ಅಜ್ಜಿಯ ಅನ್ನವೂ ಅದರಲ್ಲೇ ಬೇಯುತ್ತದೆ. ಉಪ್ಪು, ಒಂದು ಚಮಚ ತುಪ್ಪ ಹಾಕಿ ಕಲಸಿದರೆ ಊಟ. ಒಲೆ ಒಂದೇ, ಗ್ಯಾಸೂ ಒಂದೇ.

ಮನೆಯಲ್ಲಿ ಆಗುವ ಈ ಕೆಲಸ ಹೋಟೆಲಿನಲ್ಲಿ ಯಾಕಾಗಬಾರದು? ಆಸ್ಪತ್ರೆಗಳ ಆಸುಪಾಸಿನಲ್ಲಿ, ಪಿ.ಬಿ. ರಸ್ತೆಯಲ್ಲಿ, ಬಸ್‌ಸ್ಟ್ಯಾಂಡಿನ ಸುತ್ತ ಎಷ್ಟು ಹೋಟೆಲುಗಳಿವೆ! ಪ್ರತಿ ಹೋಟೆಲಿನಲ್ಲೂ ದಿನಾ ಬೇಳೆ ಬೇಯುತ್ತದೆ, ಅನ್ನ ಆಗುತ್ತದೆ, ಮೊಸರು ಇದ್ದೇ ಇರುತ್ತದೆ. ಒಗ್ಗರಣೆಗೆ ಮೊದಲು ಒಂದು ಪಾತ್ರೆ ಎತ್ತಿಟ್ಟರೆ ಮಾಲೀಕನಿಗೆ ಹೆಚ್ಚಿನ ಖರ್ಚೇನು? 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಜಿಲ್ಲೆಗಳಿಗೂ ಬಂದ ಇಂದಿರಾ ಕ್ಯಾಂಟೀನಿನ ಇಡ್ಲಿಯೂ ಇಂಥವರಿಗೆ ಆಗುತ್ತದೆ, ಸಾಂಬಾರಿನ ಬದಲು ಒಂದು ಸೌಟು ಸಪ್ಪೆ ಬೇಳೆ ಹಾಕಿಕೊಟ್ಟರೆ. ಇದು ಧರ್ಮಕ್ಕೆ ಮಾಡಿ ಎಂಬ ಮಾತಲ್ಲ, ದುಡ್ಡಿಗೇ ಮಾಡಲಿ. ಪೇಷಂಟಿನ ಜೊತೆ ಒಬ್ಬರು ಇದ್ದೇ ಇರುತ್ತಾರೆ, ಅವರು ಹೇಗೂ ಪೂರಾ ಊಟ ಮಾಡುತ್ತಾರೆ. ಬಾಯಿಗೆ ಬಟ್ಟೆ ಹಿಡಿದುಕೊಂಡವರು ಒಳಗೆ ಬಂದರೆ ಮಾಣಿ "ಏನ್ ಕೊಡ್ಲಿ?" ಎಂದು ಮೂರು ಸಲ ಕೂಗದೆ, ಬೋರ್ಡಿನಲ್ಲಿ ಬರೆದದ್ದನ್ನು ಬೆರಳು ತೋರಿಸಿ ಕೇಳುವ ಹಾಗಿದ್ದರೆ ಸಾಕು.

ಡಾಕ್ಟರುಗಳ ಕೆಲಸ ಇನ್ನೂ ಚಿಕ್ಕದು. ಔಷಧಿ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಹತ್ತು ಸಾಲು ಅಚ್ಚುಹಾಕಿಸುವುದು. ಮೊದಲ ದಿನ ಏನು, ಆಮೇಲೆ ಏನು, ಸಕ್ಕರೆಯವರಿಗೆ ಏನು, ರಕ್ತ ನಿಲ್ಲದಿದ್ದರೆ, ಮೂರನೇ ದಿನ ನೋವು ಹೆಚ್ಚಾದರೆ, ಜ್ವರ ಬಂದರೆ ತಿರುಗಿ ಬರಬೇಕೆಂದು. ಓದು ಬಾರದವರಿಗೆ ಮೊಮ್ಮಗ ಓದಿ ಹೇಳುತ್ತಾನೆ. ಮೊಸರು, ಬೇಳೆ, ಮೊಟ್ಟೆ ನಂಜಲ್ಲ ಎಂಬ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದರೆ ಮನೆಯಲ್ಲಿ ಜಗಳ ಕಮ್ಮಿಯಾದೀತು. ಅಚ್ಚಾದ ಮಾತಿಗೆ ನಮ್ಮ ಜನರಲ್ಲಿ ಇನ್ನೂ ಬೆಲೆ ಇದೆ.

ಹೋಟೆಲಿನವರಿಗೆ ಇನ್ನೊಂದು ಮಾತು. ಪೊಂಗಲ್ಲು ಮಾಡುವ ಹೋಟೆಲುಗಳಲ್ಲಿ ಅದು ಬೆಳಗಿನ ತಿಂಡಿಯ ಜೊತೆಗೇ ಮುಗಿದು ಪಾತ್ರೆ ತೊಳೆದಾಗಿರುತ್ತದೆ. ಹಲ್ಲು ಕೀಳಿಸಿಕೊಂಡವರು ಹೊರಗೆ ಬರುವುದು ಹನ್ನೆರಡು ಒಂದಕ್ಕೆ, ಮರಗಟ್ಟಿದ್ದು ಬಿಟ್ಟು ಅವರು ಊಟಕ್ಕೆ ಕೂರುವ ಹೊತ್ತಿಗೆ ಮೂರಾಗುತ್ತದೆ. ಮೆಣಸು, ಹಸಿಮೆಣಸಿನಕಾಯಿ ಹಾಕದ ಒಂದು ಪಾತ್ರೆ ಪೊಂಗಲ್ಲನ್ನು ನಾಲ್ಕು ಗಂಟೆಯವರೆಗೆ ಇಟ್ಟುಕೊಳ್ಳಬೇಕು. ಹೊನ್ನಾಳಿ, ಜಗಳೂರಿನ ಸಂಜೆ ಬಸ್ಸು ಹಿಡಿಯುವವರು ಅದನ್ನು ಉಣ್ಣಲಿಕ್ಕೆ ಅಷ್ಟು ಹೊತ್ತು ಸಾಕು.